ಬಿಟ್ಟವನು ಮತ್ತು ಬಿಡ್ತಾ ಇರೋನು

ಇಲ್ಲಿನ ಥಿಯೇಟರಿನಲ್ಲಿ ಕನ್ನಡ ಸಿನಿಮಾ ನೋಡೋರಿಗೆಲ್ಲ ಇದು ಗೊತ್ತಿರೋದೇ. ಹೀರೋ ಗ್ಲಾಸ್ ಎತ್ತಿದ ತಕ್ಷಣ ಪರದೆಯ ಮೂಲೆಯಲ್ಲಿ ಚಿಕ್ಕ ಅಕ್ಷರದ ಒಂದು ಎಚ್ಚರಿಕೆ ಬರುತ್ತೆ, ಕುಡಿತ ಆರೋಗ್ಯಕ್ಕೆ ಹಾನಿ ಅಂತ. ಗ್ಲಾಸ್ ಕೆಳಗಿಟ್ಟ ತಕ್ಷಣ ಅದೂ ಮಾಯ. ಭಾರತದಲ್ಲಿ ತಂಬಾಕಿನ ಎಚ್ಚರಿಕೆ 2012ರ ಅಕ್ಟೋಬರ್‌ನಿಂದ ಸಿನಿಮಾಗಳಲ್ಲಿ ಕಡ್ಡಾಯವಾಯಿತು. ಆ ಪ್ರಿಂಟೇ ಸಮುದ್ರ ದಾಟಿ ಬರೋದರಿಂದ ಸಿಡ್ನಿ, ಮೆಲ್ಬರ್ನ್‌ನ ಪರದೆಗಳ ಮೇಲೂ ಅದೇ ಅಕ್ಷರಗಳು.

ನನ್ನ ತಕರಾರು ಆ ಅಕ್ಷರಗಳ ಬಗ್ಗೆ ಅಲ್ಲ. ಅವು ಕಾಣಿಸದ ಹೊತ್ತಿನಲ್ಲಿ ಸಿನಿಮಾ ನಮಗೆ ಹೇಳಿಕೊಡೋ ಪಾಠದ ಬಗ್ಗೆ. ಕುಡುಕ ಯಾಕೆ ಕುಡೀತಾನೆ, ಹೇಗೆ ಬಿಡ್ತಾನೆ, ಯಾರು ಬಿಡಿಸ್ತಾರೆ, ಬಿಟ್ಟ ಮೇಲೆ ಏನಾಗುತ್ತೆ? ಇದನ್ನೆಲ್ಲ ನಮ್ಮಲ್ಲಿ ಬಹಳ ಜನ ಡಾಕ್ಟರಿಂದ ಕಲಿತಿಲ್ಲ, ಸಿನಿಮಾದಿಂದ ಕಲಿತಿದ್ದೀವಿ. ಆಮೇಲೆ ಮನೆಯಲ್ಲಿ ಒಬ್ಬ ತಮ್ಮನೋ, ಭಾವನೋ, ಗಂಡನೋ ಆ ದಾರಿ ಹಿಡಿದಾಗ, ಸಿನಿಮಾದಲ್ಲಿ ಬಂದ ಆ ಒಂದು ದೃಶ್ಯ ಇಲ್ಲೂ ಬರುತ್ತೆ ಅಂತ ಕಾಯ್ತಾ ಕೂತ್ಕೋತೀವಿ. ಅದು ಬರೋದಿಲ್ಲ. ಹಾಗೆ ಕಾಯೋದರಲ್ಲೇ ವರ್ಷಗಳು ಹೋಗಿಬಿಡುತ್ತವೆ. ಅದಕ್ಕೇ ಈ ವಿಷಯ ಬರೀ ಸಿನಿಮಾ ಹರಟೆ ಅಂತ ನನಗನ್ನಿಸಲ್ಲ.

ಮೊದಲು ಎರಡು ಪದ

ಇಲ್ಲೇ ಹುಟ್ಟಿ ಬೆಳೆದು ಕನ್ನಡ ಕಲೀತಿರೋ ಓದುಗರಿಗಾಗಿ ಎರಡು ಪದ ಹೇಳ್ತೀನಿ. ಗೊತ್ತಿದ್ದವರೂ ಓದಿ, ಮುಂದೆ ಬೇಕಾಗುತ್ತೆ.

ಮೊದಲನೆಯದು 'ಚಟ'. ಆಡುಮಾತಿನ ಪದ, ಸ್ವಲ್ಪ ಒರಟು. 'ಅವನಿಗೆ ಇಸ್ಪೀಟಿನ ಚಟ' ಅಂದರೆ ಅದರಲ್ಲಿ ದೂರು ಇದೆ, ಜೊತೆಗೆ ಒಂದಿಷ್ಟು ತಾತ್ಸಾರವೂ ಇದೆ. ಎರಡನೆಯದು 'ವ್ಯಸನ'. ಇದು ಬರವಣಿಗೆಯ ಪದ, ಪತ್ರಿಕೆಯವರೂ ಡಾಕ್ಟರುಗಳೂ ಬಳಸೋದು. ಆದರೆ ಇದಕ್ಕೆ ಇನ್ನೊಂದು ಅರ್ಥವೂ ಇದೆ. ಸಾವಿನ ಮನೆಗೆ ಹೋದಾಗ ಹಿರಿಯರು 'ವ್ಯಸನ ಪಡಬೇಡಿ' ಅಂತಾರಲ್ಲ, ಅಲ್ಲಿ ವ್ಯಸನ ಅಂದರೆ ದುಃಖ. ಚಟಕ್ಕೂ ದುಃಖಕ್ಕೂ ಒಂದೇ ಪದ! ನಿಘಂಟು ಇಷ್ಟು ಚೆನ್ನಾಗಿ ರೋಗ ಕಂಡುಹಿಡಿದಿರೋದು ಅಪರೂಪ.

ಈಗ ಕ್ರಿಯಾಪದಕ್ಕೆ ಬನ್ನಿ. ಕನ್ನಡದಲ್ಲಿ ಕುಡಿತವನ್ನು ಒಂದೋ 'ಬಿಡ್ತಾರೆ', ಇಲ್ಲಾ ಯಾರಾದರೂ 'ಬಿಡಿಸ್ತಾರೆ'. 'ಕುಡಿತ ಬಿಟ್ಟ' ಅಂದರೆ ಮುಗೀತು. ಅದು ಪೂರ್ತಿ ಭೂತಕಾಲ, ಬಾಗಿಲು ಹಾಕಿ ಬೀಗ ಜಡಿದ ಹಾಗೆ. 'ಬಿಡ್ತಾ ಇದ್ದಾನೆ' ಅಂತ ಯಾರ ಬಗ್ಗೆಯಾದರೂ ಹೇಳಿ ನೋಡಿ. ಕೇಳಿದವರು ನಗ್ತಾರೆ. 'ಹೌದಾ? ಎಷ್ಟು ವರ್ಷದಿಂದ?' ಅಂತಾರೆ. ಆದರೆ ನಿಜವಾಗಿ ಬಿಡೋರು ಬದುಕೋದು ಆ ವರ್ತಮಾನಕಾಲದಲ್ಲೇ. ನಮ್ಮ ಭಾಷೆಯಲ್ಲಿ ಆ ಕಾಲಕ್ಕೆ ಮರ್ಯಾದೆ ಸಿಕ್ಕಿಲ್ಲ, ನಮ್ಮ ಸಿನಿಮಾದಲ್ಲೂ ಸಿಕ್ಕಿಲ್ಲ. ಈ ಬರಹದ ವಾದ ಇಷ್ಟೇ.

ಕುಡಿಯದ ಹೀರೋ

1992ರ 'ಜೀವನ ಚೈತ್ರ'ದಿಂದ ಶುರು ಮಾಡೋಣ. ವಿಶಾಲಾಕ್ಷಿ ದಕ್ಷಿಣಾಮೂರ್ತಿಯವರ 'ವ್ಯಾಪ್ತಿ ಪ್ರಾಪ್ತಿ' ಕಾದಂಬರಿ ಆಧರಿಸಿದ ಚಿತ್ರ, ನಿರ್ದೇಶನ ದೊರೈ–ಭಗವಾನ್. ಕೆಲವು ವರ್ಷ ಬಣ್ಣ ಹಚ್ಚದೆ ಇದ್ದ ಡಾ. ರಾಜ್‌ಕುಮಾರ್ ಮತ್ತೆ ತೆರೆಗೆ ಬಂದದ್ದು ಇದರಲ್ಲಿ. ಇದರ ಹಾಡಿಗೇ ಅವರಿಗೆ ಅತ್ಯುತ್ತಮ ಗಾಯಕ ಅನ್ನೋ ರಾಷ್ಟ್ರಪ್ರಶಸ್ತಿ ಬಂತು. ಈ ಚಿತ್ರ ನೋಡಿ ಹಳ್ಳಿಗಳಲ್ಲಿ ಜನ ಸಾರಾಯಿ ಅಂಗಡಿ ಮುಚ್ಚಿಸೋಕೆ ನಿಂತರು ಅನ್ನೋ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಆ ಕಾಲವೂ ಅಂಥದ್ದು. ಪಕ್ಕದ ಆಂಧ್ರದಲ್ಲಿ, ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಸಾರಾಯಿ ವಿರುದ್ಧ ಎದ್ದು ನಿಂತದ್ದೂ ಅದೇ ಹೊತ್ತಿನಲ್ಲಿ. ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಗಲು ಮಾತ್ರ 2007ರ ಜುಲೈವರೆಗೆ ಕಾಯಬೇಕಾಯಿತು.

ಈ ಚಿತ್ರವನ್ನು ನಾನು ಗೌರವದಿಂದಲೇ ನೋಡ್ತೀನಿ. ಕುಡಿತ ಒಬ್ಬ ಮನುಷ್ಯನ ಗುಣದೋಷ ಮಾತ್ರ ಅಲ್ಲ, ಅದರ ಹಿಂದೆ ಗುತ್ತಿಗೆ, ಲಾಭ, ಊರಿನ ರಾಜಕೀಯ ಎಲ್ಲ ಇದೆ ಅಂತ ಸ್ಪಷ್ಟವಾಗಿ ಹೇಳಿದ ಚಿತ್ರ ಅದು. ಇವತ್ತಿನ ಎಷ್ಟೋ ಸಿನಿಮಾಗಳಿಗೆ ಇಷ್ಟು ಕಾಣಿಸಲ್ಲ.

ಆದರೆ ಒಂದು ವಿಷಯ ಗಮನಿಸಿ. ರಾಜ್‌ಕುಮಾರ್ ತೆರೆಯ ಮೇಲೆ ಕುಡಿಯೋ, ಸೇದೋ ಪಾತ್ರಗಳನ್ನು ಆದಷ್ಟು ದೂರ ಇಟ್ಟವರು. ಅಭಿಮಾನಿಗಳು ತನ್ನನ್ನೇ ಅನುಸರಿಸ್ತಾರೆ ಅನ್ನೋ ಕಾಳಜಿ ಅದು, ದೊಡ್ಡದೇ. ಆದರೆ ಆ ಕಾಳಜಿಗೆ ತೆತ್ತ ಬೆಲೆಯೂ ಇದೆ. ಹೀರೋ ಕುಡಿಯೋ ಹಾಗಿಲ್ಲ ಅಂದ ಮೇಲೆ ಕುಡಿಯೋನು ಯಾವಾಗಲೂ ಬೇರೆಯವನೇ ಆಗಬೇಕು. ದಾರಿ ತಪ್ಪಿದ ಮಗ, ಪಕ್ಕದ ಮನೆಯ ಬಡಪಾಯಿ, ಇಲ್ಲಾ ಗುಂಪಿನಲ್ಲಿ ತೂರಾಡೋ ಹೆಸರಿಲ್ಲದ ಒಬ್ಬ. ಕ್ಯಾಮೆರಾ ಯಾವತ್ತೂ ಅವನ ಕಣ್ಣಿನಿಂದ ನೋಡಲ್ಲ, ಅವನನ್ನು ನೋಡುತ್ತೆ ಅಷ್ಟೆ. ರೋಗ ಅವನದು, ಚಿಕಿತ್ಸೆ ಹೀರೋದು. 'ಬಿಡು' ಅನ್ನೋ ಕ್ರಿಯಾಪದ 'ಬಿಡಿಸು' ಆದದ್ದು ಹೀಗೆ.

ಈ ಅಚ್ಚು ಎಷ್ಟು ಗಟ್ಟಿ ಅಂದರೆ, ಅದರಿಂದ ಮೂವತ್ತೆರಡು ವರ್ಷ ಆದಮೇಲೂ ಚಿತ್ರ ಬರುತ್ತೆ. 2024ರ ಆಗಸ್ಟ್‌ನಲ್ಲಿ ಬಂದ ದುನಿಯಾ ವಿಜಯ್ ಅವರ 'ಭೀಮ' ನೋಡಿ. ಬೆಂಗಳೂರಿನ ಹುಡುಗರು ಡ್ರಗ್ಸ್‌ಗೆ ಬೀಳೋದೇ ಅದರ ವಸ್ತು. ನಿರ್ದೇಶಕರಿಗೆ ಆ ಗಲ್ಲಿಗಳು ಗೊತ್ತು, ಆ ಭಾಷೆ ಗೊತ್ತು, ಸಿಟ್ಟು ನಿಜವಾದದ್ದು. ಆದರೂ ಸಮಸ್ಯೆ ಒಬ್ಬ ವಿಲನ್ನಿನ ರೂಪ ತಾಳುತ್ತೆ, ಪರಿಹಾರ ಹೊಡೆದಾಟದ ರೂಪ ತಾಳುತ್ತೆ. ವಿಲನ್ ಬಿದ್ದ ಮೇಲೆ ಆ ಹುಡುಗರು ಮಾರನೆಯ ದಿನ ಬೆಳಗ್ಗೆ ಎದ್ದು ಏನು ಮಾಡ್ತಾರೆ? ಕೈ ನಡುಗುವಾಗ ಅವರ ಪಕ್ಕ ಯಾರು ಕೂತಿರ್ತಾರೆ? ಆ ಹೊತ್ತಿಗೆ ಥಿಯೇಟರಿನ ಲೈಟು ಹತ್ತಿರುತ್ತೆ.

ದೇವದಾಸ ಅನ್ನೋ ಮೊಲ

ಹೀರೋ ಕುಡಿಯಲೇಬೇಕಾದರೆ ನಮ್ಮಲ್ಲಿ ಅದಕ್ಕೆ ಒಂದು ಪರವಾನಗಿ ಬೇಕು. ಆ ಪರವಾನಗಿಯ ಹೆಸರು ಪ್ರೇಮವೈಫಲ್ಯ. ಬಂಗಾಳದ ಶರತ್‌ಚಂದ್ರರ 'ದೇವದಾಸ' 1917ರಲ್ಲಿ ಪ್ರಕಟವಾದ ಕಾದಂಬರಿ. ನೂರು ವರ್ಷದಿಂದ ಭಾರತದ ಎಲ್ಲ ಭಾಷೆಯ ಹೀರೋಗಳೂ ಅವನ ಬಾಟಲಿಯಿಂದಲೇ ಕುಡೀತಿದ್ದಾರೆ.

2006ರ ಕೊನೆಗೆ ಬಂದ ಯೋಗರಾಜ್ ಭಟ್ಟರ 'ಮುಂಗಾರು ಮಳೆ' ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಿತ್ತು. ಪ್ರೀತಮ್ ಜೊತೆಗಿರೋ ಮೊಲಕ್ಕೆ ದೇವದಾಸ ಅಂತಲೇ ಹೆಸರು. ಅರ್ಧ ತಮಾಷೆ, ಅರ್ಧ ಒಪ್ಪಿಗೆ. ಕೊನೆಯಲ್ಲಿ ಹುಡುಗಿಯನ್ನು ಬಿಟ್ಟುಕೊಟ್ಟು ಪ್ರೀತಮ್ ಕುಡೀತಾನೆ, ಮೊಲ ಸಾಯುತ್ತೆ, ಥಿಯೇಟರ್ ಪೂರ್ತಿ ಅಳುತ್ತೆ. ಹುಡುಗನ ಒಳಗಿನ ದೇವದಾಸ ಸತ್ತನೋ, ಇಲ್ಲ ಈಗ ಹುಟ್ಟಿದನೋ ಅಂತ ಭಟ್ಟರು ಹೇಳದೆ ಬಿಡ್ತಾರೆ. ಅದು ಜಾಣ ಮುಕ್ತಾಯ. ಆದರೆ ಅದರ ಯಶಸ್ಸು ನೋಡಿ ಬಂದ ಸಿನಿಮಾಗಳಿಗೆ ಆ ಅನುಮಾನ ಬೇಕಿರಲಿಲ್ಲ. ಗಡ್ಡ, ಮಳೆ, ಬಾಟಲಿ ಮಾತ್ರ ಬೇಕಾಗಿತ್ತು.

ಈ ಮಾದರಿಯ ನಿಜವಾದ ಕೆಡುಕು ಎಲ್ಲಿದೆ ಗೊತ್ತಾ? ಕುಡಿತಕ್ಕೆ ಕಾರಣ ಒಬ್ಬ ಹುಡುಗಿ ಅಂದಮೇಲೆ, ಮದ್ದೂ ಒಬ್ಬ ಹುಡುಗಿಯೇ ಆಗಬೇಕಲ್ಲ! 'ಮದುವೆ ಮಾಡಿ, ಸರಿಹೋಗ್ತಾನೆ' ಅನ್ನೋ ಮಾತು ನೀವು ಕೇಳಿರ್ತೀರಿ. ಊರಿನಲ್ಲಷ್ಟೇ ಅಲ್ಲ, ಸ್ಕೋಫೀಲ್ಡ್ಸ್‌ನ ನಾಲ್ಕು ಬೆಡ್‌ರೂಮಿನ ಹೊಸ ಮನೆಗಳಲ್ಲೂ ಈ ಮಾತು ಓಡಾಡುತ್ತೆ. ಮಗ ಇಲ್ಲಿ ಒಬ್ಬನೇ ಇದ್ದಾನೆ, ಸ್ವಲ್ಪ 'ಅಭ್ಯಾಸ' ಇದೆ, ಮದುವೆಯಾದರೆ ನೆಟ್ಟಗಾಗ್ತಾನೆ. ಹಾಗೆ ಹೇಳಿ ಒಂದು ಹುಡುಗಿಯನ್ನು ಹತ್ತು ಸಾವಿರ ಕಿಲೋಮೀಟರ್ ದೂರಕ್ಕೆ, ತವರಿಲ್ಲದ, ಅಕ್ಕಪಕ್ಕದವರ ಹೆಸರೂ ಗೊತ್ತಿಲ್ಲದ ಬೀದಿಗೆ ಔಷಧಿಯ ಹಾಗೆ ಕಳಿಸ್ತಾರೆ. ಔಷಧಿ ಕೆಲಸ ಮಾಡದಿದ್ದರೆ ತಪ್ಪು ಔಷಧಿಯದ್ದೇ.

ಗುಳಿಗೆ ಯಾಕೆ ಬೇಕಾಯ್ತು

ಪವನ್ ಕುಮಾರ್ ಅವರ 'ಲೂಸಿಯಾ' (2013) ಈ ದಾರಿ ಬಿಟ್ಟು ನಡೆದ ಚಿತ್ರ. ನಿರ್ಮಾಪಕರನ್ನು ಕಾಯದೆ ಜನರಿಂದಲೇ ದುಡ್ಡು ಕೂಡಿಸಿ ಮಾಡಿದ್ದು, ಲಂಡನ್ನಿನ ಭಾರತೀಯ ಚಿತ್ರೋತ್ಸವದಲ್ಲಿ ಪ್ರೇಕ್ಷಕರ ಪ್ರಶಸ್ತಿ ಗೆದ್ದದ್ದು ಎಲ್ಲ ನಿಮಗೆ ಗೊತ್ತಿರಬಹುದು. ಅದನ್ನು ನಾವು ಸಾಮಾನ್ಯವಾಗಿ ಕನಸಿನ ಒಗಟು ಅಂತ ನೆನಪಿಟ್ಟುಕೊಂಡಿದ್ದೀವಿ. ನನಗೆ ಅದು ಕನ್ನಡದ ಒಳ್ಳೆಯ ವ್ಯಸನದ ಚಿತ್ರವೂ ಹೌದು.

(ಇನ್ನೂ ನೋಡಿಲ್ಲ ಅನ್ನೋರು ಮುಂದಿನ ಪ್ಯಾರಾ ಬಿಟ್ಟು ಓದಿ.)

ನಿದ್ದೆ ಬಾರದ ಥಿಯೇಟರ್ ಹುಡುಗ ಒಬ್ಬನಿಗೆ ಲೂಸಿಯಾ ಅನ್ನೋ ಗುಳಿಗೆ ಸಿಗುತ್ತೆ. ನುಂಗಿದರೆ ಕನಸಿನಲ್ಲಿ ಅವನು ಸಿನಿಮಾ ಸ್ಟಾರ್. ಬಡವ ಶ್ರೀಮಂತಿಕೆಯ ಕನಸು ಕಾಣ್ತಿದ್ದಾನೆ ಅಂತ ನಾವು ನಂಬ್ತೀವಿ. ಕೊನೆಗೆ ಗೊತ್ತಾಗೋದು ಅದು ತಿರುಗುಮುರುಗು ಅಂತ. ಸ್ಟಾರ್ ನಿಜ, ಅವನೇ ಗುಳಿಗೆ ನುಂಗಿ, ಟಾರ್ಚ್ ಹಿಡಿದು ಜನರಿಗೆ ಸೀಟು ತೋರಿಸೋ ಸಾಮಾನ್ಯ ಹುಡುಗನ ಬದುಕನ್ನು ಕನಸು ಕಾಣ್ತಿದ್ದ. ಬಣ್ಣ ಇದ್ದದ್ದು ಕನಸಿಗೆ, ನಿಜ ಬದುಕು ಕಪ್ಪು ಬಿಳುಪು. ಅಂದರೆ ಮನುಷ್ಯ ಅಮಲಿಗೆ ಹೋಗೋದು ಯಾವಾಗಲೂ ಮಜಕ್ಕಾಗಿ ಅಲ್ಲ. ಕೆಲವರು ಸಾಮಾನ್ಯವಾಗಿ ಇರೋಕೆ, ನಾಲ್ಕು ಗಂಟೆ ಯಾರೂ ಆಗಿರದೆ ಇರೋಕೆ ಹೋಗ್ತಾರೆ.

ಈ ಮಾತು ವಲಸೆ ಬಂದವರಿಗೆ ಬೇಗ ತಟ್ಟುತ್ತೆ. ಊರಿನವರ ಲೆಕ್ಕದಲ್ಲಿ ನಾವೆಲ್ಲ ಸ್ಟಾರುಗಳೇ. ವೀಸಾ ಆಯ್ತು, ಪಿಆರ್ ಆಯ್ತು, ಮನೆ ಆಯ್ತು. ಆ ಪಾತ್ರ ಮಾಡಿ ಸುಸ್ತಾದವನು ಶುಕ್ರವಾರ ಸಂಜೆ ಗರಾಜಿನಲ್ಲಿ ಒಬ್ಬನೇ ಕೂತು ಕುಡಿಯೋದಕ್ಕೆ 'ಮಜ' ಅಂತ ಹೆಸರಿಡೋಕಾಗಲ್ಲ. ಅಲ್ಲಿ ಆ ಹಳೆಯ ಪದದ ಎರಡೂ ಅರ್ಥ ಒಟ್ಟಿಗೇ ಕೂತಿವೆ.

ಹಾವು ಏಣಿ

ನನ್ನ ಕೆಲಸ ಡೇಟಾ ಜೊತೆ. ಅದಕ್ಕೇ ಸ್ವಲ್ಪ ಲೆಕ್ಕ.

ಚಿಕ್ಕವರಿದ್ದಾಗ ಆಡಿದ ಹಾವು ಏಣಿ ಆಟ ನೆನಪಿದೆ ಅಲ್ವಾ? ಅದರ ಹಳೆಯ ರೂಪಕ್ಕೆ ಪರಮಪದ ಸೋಪಾನ ಅಂತ ಹೆಸರು. ಅಂದರೆ ಮೋಕ್ಷದ ಮೆಟ್ಟಿಲು. ಏಣಿಗಳು ಪುಣ್ಯ, ಹಾವುಗಳು ಪಾಪ, ಕೊನೆಯ ಮನೆ ಮುಕ್ತಿ. ಸಂಖ್ಯಾಶಾಸ್ತ್ರದಲ್ಲಿ ಮಾರ್ಕೋವ್ ಸರಪಳಿ ಪಾಠ ಮಾಡುವಾಗ ಇದೇ ಆಟವನ್ನು ಉದಾಹರಣೆ ಕೊಡೋದುಂಟು. ಕೊನೆಯ ಮನೆಗೆ ಅಲ್ಲಿ 'ಅಬ್ಸಾರ್ಬಿಂಗ್ ಸ್ಟೇಟ್' ಅಂತಾರೆ. ಒಂದು ಸಲ ಒಳಗೆ ಹೋದರೆ ಮತ್ತೆ ಹೊರಗೆ ಬರೋ ದಾರಿ ಇಲ್ಲದ ಮನೆ.

ಸಿನಿಮಾದ ಉದ್ಧಾರ ಈ ಆಟದಂತೆ. ಅಮ್ಮ ಸತ್ತಳು, ಮಗು ಹುಟ್ಟಿತು, ಗೆಳೆಯ ಕೆನ್ನೆಗೆ ಬಾರಿಸಿದ, ಬಾಟಲಿ ಗೋಡೆಗೆ ಹೊಡೆದು ಚೂರಾಯ್ತು. ಏಣಿ ಸಿಕ್ಕಿತು, ಕೊನೆಯ ಮನೆ ತಲುಪಿದ, ಆಟ ಮುಗೀತು. ನಿಜದಲ್ಲಿ ಆ ಕೊನೆಯ ಮನೆಯೇ ಇಲ್ಲ. ತೊಂಬತ್ತೊಂಬತ್ತರಲ್ಲೂ ಹಾವಿದೆ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆನ್ ಡ್ರಗ್ ಅಬ್ಯೂಸ್ ಹೇಳೋ ಪ್ರಕಾರ ಚಿಕಿತ್ಸೆ ಪಡೆದವರಲ್ಲಿ ಮತ್ತೆ ಜಾರೋರು ಶೇ. 40ರಿಂದ 60. ಗಾಬರಿಯಾಗಬೇಡಿ, ಅದೇ ಸಂಸ್ಥೆ ಇನ್ನೊಂದು ಮಾತನ್ನೂ ಹೇಳುತ್ತೆ: ಬಿಪಿ, ಆಸ್ತಮಾ ಇರೋರು ಔಷಧಿ ತಪ್ಪಿಸಿ ಮತ್ತೆ ಹದಗೆಡೋ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಬಿಪಿ ಮತ್ತೆ ಏರಿದರೆ ನಾವು 'ಇವನ ಹಣೆಬರಹವೇ ಇಷ್ಟು' ಅನ್ನಲ್ಲ, ಡಾಕ್ಟರ ಹತ್ತಿರ ಹೋಗಿ ಮಾತ್ರೆ ಬದಲಾಯಿಸ್ತೀವಿ.

ಸಿನಿಮಾ ಕಲಿಸಿದ ಗಣಿತ ಬೇರೆ ಥರ. ಒಂದು ಸಲ ಬಿಟ್ಟವನು ಮತ್ತೆ ಕುಡಿದರೆ ಅವನು ಬಿಟ್ಟಿರಲೇ ಇಲ್ಲ, ನಾಟಕ ಮಾಡಿದ. ಆ ಆರು ತಿಂಗಳು ಸೊನ್ನೆ. ಈ ತೀರ್ಪು ಕೇಳಿದವನು ಎರಡನೇ ಸಲ ಸಹಾಯ ಕೇಳೋಕೆ ಬಾಯಿ ತೆರೆಯಲ್ಲ.

ಭಾರತ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಮಾಡಿದ ಸಮೀಕ್ಷೆ 2019ರಲ್ಲಿ ಬಂತು. ಸುಮಾರು 16 ಕೋಟಿ ಜನ ಕುಡೀತಾರೆ, 5.7 ಕೋಟಿ ಜನಕ್ಕೆ ಅದರಿಂದ ಹೊರಬರೋಕೆ ನೆರವು ಬೇಕು. ಮದ್ಯಕ್ಕೆ ಪೂರ್ತಿ ಅಂಟಿಕೊಂಡವರಲ್ಲಿ 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಏನು ನಡೆದಿರುತ್ತೆ? ಹರಕೆ, ಆಣೆ, ಬೈಗುಳ, ಮದುವೆ, ಕೋಣೆಯಲ್ಲಿ ಕೂಡಿಹಾಕೋದು.

ಈ ಕೊನೆಯದರ ಬಗ್ಗೆ ಒಂದು ಮಾತು ಹೇಳಲೇಬೇಕು. ಕುಡುಕನನ್ನು ಕೋಣೆಯಲ್ಲಿ ಕೂಡಿಹಾಕಿ, ಬಾಟಲಿ ಸಿಂಕಿಗೆ ಸುರಿದು, ಮೂರು ದಿನದಲ್ಲಿ ಗುಣ ಮಾಡೋ ದೃಶ್ಯಗಳನ್ನು ನಾವೆಲ್ಲ ನೋಡಿದ್ದೀವಿ. ವರ್ಷಗಟ್ಟಲೆ ದಿನವೂ ವಿಪರೀತ ಕುಡಿದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮಿಸಬಹುದು, ಜೀವವೂ ಹೋಗಬಹುದು. ಅಂಥವರು ಬಿಡಬೇಕಾದ್ದು ಡಾಕ್ಟರ ಕಣ್ಣೆದುರು. ಮೂಲೆಯ ಎಚ್ಚರಿಕೆ ನಿಜವಾಗಿ ಬೇಕಿರೋದು ಈ ದೃಶ್ಯಕ್ಕೆ.

ರೈಲಿನ ಆ ತುದಿ

ಸ್ಕೋಫೀಲ್ಡ್ಸ್‌ನಲ್ಲಿ ಟಿ5 ಕಂಬರ್ಲ್ಯಾಂಡ್ ಲೈನಿನ ರೈಲು ಹತ್ತಿದರೆ ಬ್ಲ್ಯಾಕ್‌ಟೌನ್, ಪ್ಯಾರಮಾಟಾ, ದೋಸೆ ತಿನ್ನೋಕೆ ಇಳಿಯೋ ಹ್ಯಾರಿಸ್ ಪಾರ್ಕ್ ಎಲ್ಲ ದಾಟಿ ಅದೇ ರೈಲು ಕ್ಯಾಬ್ರಮಾಟಾಗೆ ಹೋಗುತ್ತೆ. ನಾವು ಫೋ ತಿನ್ನೋಕೆ, ಸೊಪ್ಪು ತರಕಾರಿಗೆ ಹೋಗೋ ಊರು. 1990ರ ದಶಕದಲ್ಲಿ ಅದು ಹೆರಾಯಿನ್‌ಗೆ ಇಡೀ ಆಸ್ಟ್ರೇಲಿಯಾದಲ್ಲೇ ಕುಖ್ಯಾತ. ಆ ಕಾಲ ಮುಗಿದ ಮೇಲಿನ ಕಥೆ 2005ರ 'ಲಿಟಲ್ ಫಿಶ್'. ನಿರ್ದೇಶಕ ರೋವನ್ ವುಡ್ಸ್, ನಾಯಕಿ ಕೇಟ್ ಬ್ಲಾಂಚೆಟ್.

ಚಿತ್ರ ಶುರುವಾಗುವ ಹೊತ್ತಿಗೆ ಟ್ರೇಸಿ ಹೆರಾಯಿನ್ ಬಿಟ್ಟು ನಾಲ್ಕು ವರ್ಷ ಆಗಿದೆ. ನಮ್ಮ ಸಿನಿಮಾ ಮುಗಿಯೋ ಜಾಗದಲ್ಲಿ ಇದು ಶುರುವಾಗುತ್ತೆ ನೋಡಿ! ಅವಳು ವಿಡಿಯೋ ಅಂಗಡಿಯಲ್ಲಿ ಕೆಲಸ ಮಾಡ್ತಾಳೆ, ಆ ವ್ಯಾಪಾರದಲ್ಲಿ ಪಾಲುದಾರಳಾಗಬೇಕು, ಬ್ಯಾಂಕ್ ಸಾಲ ಬೇಕು. ಬ್ಯಾಂಕ್ ಕೊಡಲ್ಲ, ಹಳೆಯ ದಾಖಲೆ ಸರಿಯಿಲ್ಲ. ಸಾಲ ಸಿಕ್ಕಿದೆ ಅಂತ ಅವಳು ಮನೆಯಲ್ಲಿ ಸುಳ್ಳು ಹೇಳ್ತಾಳೆ. ಇಡೀ ಚಿತ್ರದ ಉಸಿರು ಈ ಸಣ್ಣ ಸುಳ್ಳಿನ ಮೇಲೆ ನಿಂತಿದೆ. ಸೂಜಿ ಚುಚ್ಚಿಕೊಂಡು ಒದ್ದಾಡೋ ದೃಶ್ಯಗಳಿಗಿಂತ ಆ ಸಾಲದ ಅರ್ಜಿ ನನ್ನನ್ನು ಹೆಚ್ಚು ಹೆದರಿಸಿತು. ಈ ದೇಶದಲ್ಲಿ ಹೊಸದಾಗಿ ಬಂದು ಕ್ರೆಡಿಟ್ ಹಿಸ್ಟರಿ ಇಲ್ಲದೆ ಪರದಾಡಿದವರಿಗೆ ಇದು ಅರ್ಥವಾಗುತ್ತೆ. ಅಮ್ಮ ಕ್ಷಮಿಸಬಹುದು, ಊರು ಮರೆಯಬಹುದು, ಬ್ಯಾಂಕಿನ ಕಂಪ್ಯೂಟರ್ ಎರಡನ್ನೂ ಮಾಡಲ್ಲ.

ಮರುವರ್ಷ ಬಂದದ್ದು 'ಕ್ಯಾಂಡಿ'. ಲೂಕ್ ಡೇವಿಸ್ ಅವರ ಕಾದಂಬರಿ ಆಧರಿಸಿ ನೀಲ್ ಆರ್ಮ್‌ಫೀಲ್ಡ್ ಮಾಡಿದ್ದು. ಹೀತ್ ಲೆಡ್ಜರ್ ಮತ್ತು ಆ್ಯಬಿ ಕಾರ್ನಿಶ್ ಇಬ್ಬರೂ ಹೆರಾಯಿನ್‌ಗೆ ಬಿದ್ದ ಪ್ರೇಮಿಗಳು. ಚಿತ್ರದಲ್ಲಿ ಮೂರು ಭಾಗ: ಸ್ವರ್ಗ, ಭೂಮಿ, ನರಕ. ಕೊನೆಯಲ್ಲಿ ಇಬ್ಬರೂ ಚೇತರಿಸಿಕೊಳ್ತಿದ್ದಾರೆ, ಅವಳು ಅವನನ್ನು ಹುಡುಕಿಕೊಂಡು ಬರ್ತಾಳೆ. ನಮ್ಮಲ್ಲಾದರೆ ಇಲ್ಲಿ ವಯೊಲಿನ್, ಅಪ್ಪುಗೆ, ಶುಭಂ. ಇಲ್ಲಿ ಅವನು ಬೇಡ ಅಂತಾನೆ. ಒಟ್ಟಿಗಿದ್ದರೆ ಇಬ್ಬರೂ ಮುಳುಗ್ತೀವಿ ಅಂತ ಅವನಿಗೆ ಗೊತ್ತು. ಪ್ರೀತಿ ಮದ್ದಲ್ಲ, ಕೆಲವು ಸಲ ಅದೇ ಹಾವು ಅಂತ ಇಷ್ಟು ಮೆಲ್ಲಗೆ ಹೇಳಿದ ಚಿತ್ರ ನಾನು ಬೇರೆ ನೋಡಿಲ್ಲ.

ಈ ಎರಡೂ ಚಿತ್ರಗಳಲ್ಲಿ ತಾಯಿಯ ಪಾತ್ರ ಮಾಡಿದ್ದು ಒಬ್ಬರೇ, ನೋನಿ ಹೇಝಲ್‌ಹರ್ಸ್ಟ್. ಇಲ್ಲಿ ಬೆಳೆದವರಿಗೆ ಅವರು ಗೊತ್ತು, ಎಬಿಸಿಯ 'ಪ್ಲೇ ಸ್ಕೂಲ್' ಮಕ್ಕಳ ಕಾರ್ಯಕ್ರಮ ನಡೆಸಿದವರು. 1982ರಲ್ಲಿ ಅವರು 'ಮಂಕಿ ಗ್ರಿಪ್' ಚಿತ್ರದ ನಾಯಕಿ. ಹೆಲೆನ್ ಗಾರ್ನರ್ ಅವರ ಮೆಲ್ಬರ್ನ್ ಕಾದಂಬರಿ ಅದಕ್ಕೆ ಆಧಾರ. ಅದರಲ್ಲಿ ಅವರು ಹೆರಾಯಿನ್ ಸೇವಿಸೋ ಗಂಡಸನ್ನು ಪ್ರೀತಿಸೋ ನೋರಾ, ಒಬ್ಬ ಪುಟ್ಟ ಹುಡುಗಿಯ ತಾಯಿ. ಮೂರೂ ಚಿತ್ರ ಒಂದಾದ ಮೇಲೊಂದು ನೋಡಿದರೆ ಒಂದು ವಿಚಿತ್ರ ಅನುಭವ ಆಗುತ್ತೆ. 24 ವರ್ಷಗಳ ಉದ್ದಕ್ಕೆ ಒಂದೇ ಮುಖ, ಮೊದಲು ಪ್ರೇಯಸಿಯಾಗಿ, ಆಮೇಲೆ ಅಮ್ಮನಾಗಿ, ವ್ಯಸನಿಯ ಪಕ್ಕದ ಕುರ್ಚಿಯಲ್ಲಿ ಕೂತು ವಯಸ್ಸಾಗುತ್ತೆ. ಆ ಅಮ್ಮಂದಿರು ದೇವತೆಗಳಲ್ಲ. ಅವರಿಗೆ ಸಿಟ್ಟು ಬರುತ್ತೆ, ಸುಸ್ತಾಗುತ್ತೆ, ನಂಬಿಕೆ ಹೋಗುತ್ತೆ. ನಮ್ಮ ಸಿನಿಮಾದ ಅಮ್ಮನಿಗೆ ಎರಡೇ ಕೆಲಸ, ಅಳೋದು ಮತ್ತು ಸರಿಯಾದ ಸಮಯಕ್ಕೆ ಸಾಯೋದು. ಸುಸ್ತಾಗೋ ಹಕ್ಕು ಅವಳಿಗಿಲ್ಲ.

ಆ ಮೂರು ಚಿತ್ರಗಳಲ್ಲಿ ಎರಡರಲ್ಲಿ ಡ್ರಗ್ಸ್‌ಗೆ ಬಿದ್ದು ಏಳೋದು ಹೆಣ್ಣು ಅನ್ನೋದನ್ನೂ ನೋಡಿ. ಏಮ್ಸ್ ಸಮೀಕ್ಷೆಯಲ್ಲಿ ಕುಡಿಯೋ ಗಂಡಸರು ಶೇ. 27.3, ಹೆಂಗಸರು ಶೇ. 1.6. ಹಾಗಾಗಿ ನಮ್ಮ ಸಿನಿಮಾದ ಕುಡುಕ ಗಂಡಸೇ ಆಗಿರೋದು ಸಹಜ ಅನ್ನಬಹುದು. ಆದರೆ ಹೆಣ್ಣೊಬ್ಬಳು ಗ್ಲಾಸ್ ಹಿಡಿದರೆ ನಮ್ಮಲ್ಲಿ ಅದು ಹೆಚ್ಚಾಗಿ ಹಾಸ್ಯ, ಇಲ್ಲಾ 'ಹಾಳಾದ ಹುಡುಗಿ'ಯ ಗುರುತು. ಇಲ್ಲಿ ಯೂನಿವರ್ಸಿಟಿಗೆ ಹೋಗೋ ನಮ್ಮ ಹೆಣ್ಣುಮಕ್ಕಳಲ್ಲಿ ಯಾರಿಗಾದರೂ ಕಷ್ಟ ಬಂದರೆ, ಮನೆಯಲ್ಲಿ ಹೇಳಿಕೊಳ್ಳೋಕೆ ಅವರ ಹತ್ತಿರ ಯಾವ ಕಥೆ ಇದೆ?

ಈ ದೇಶದಲ್ಲೂ ಎಲ್ಲ ಸರಿಯಿದೆ ಅಂತಲ್ಲ. ಆದರೆ ಸಿಡ್ನಿಯ ಕಿಂಗ್ಸ್ ಕ್ರಾಸ್‌ನಲ್ಲಿ 2001ರಿಂದ ಒಂದು ಕೇಂದ್ರ ನಡೀತಿದೆ. ಡ್ರಗ್ಸ್ ಚುಚ್ಚಿಕೊಳ್ಳೋರು ನರ್ಸ್ ಎದುರಿಗೇ ಚುಚ್ಚಿಕೊಳ್ಳಬಹುದು, ಉಸಿರು ನಿಂತರೆ ಬದುಕಿಸೋಕೆ ಜನ ಇರ್ತಾರೆ. ನಡೆಸೋದು ಚರ್ಚಿಗೆ ಸೇರಿದ ಸಂಸ್ಥೆ ಯುನೈಟಿಂಗ್. ಮೆಲ್ಬರ್ನ್‌ನ ನಾರ್ತ್ ರಿಚ್ಮಂಡ್‌ನಲ್ಲಿ 2018ರಲ್ಲಿ ಅಂಥದ್ದೇ ಇನ್ನೊಂದು ಶುರುವಾಯ್ತು, ಪಕ್ಕದಲ್ಲೇ ಪ್ರೈಮರಿ ಶಾಲೆ ಇದೆ ಅಂತ ದೊಡ್ಡ ಗಲಾಟೆಯೂ ಆಯ್ತು. ನಮ್ಮ ಮನೆಗಳಲ್ಲಿ ಇದನ್ನು ಕೇಳಿದವರ ಮೊದಲ ಮಾತು 'ಚಟಕ್ಕೆ ಸರ್ಕಾರವೇ ಜಾಗ ಮಾಡಿಕೊಡುತ್ತಾ?' ಅಂತ. ಆ ಪ್ರಶ್ನೆ ತಪ್ಪು ಅಂತ ನಾನು ಹೇಳಲ್ಲ. ಆದರೆ ಬಿಡಬೇಕಾದರೂ ಮೊದಲು ಜೀವ ಇರಬೇಕಲ್ಲ. ಇನ್ನೂ ಬಿಡದವನಿಗೂ ಬದುಕೋ ಹಕ್ಕಿದೆ ಅಂತ ಆ ಕೇಂದ್ರ ಹೇಳುತ್ತೆ. ನಮ್ಮ ಸಿನಿಮಾ ಬಿಟ್ಟವನಿಗೆ ಮಾತ್ರ ಹಾರ ಹಾಕುತ್ತೆ.

ಉದ್ಧಾರ ಯಾರದು?

ಮತ್ತೆ ಕನ್ನಡಕ್ಕೆ ಬರೋಣ. ಹೇಮಂತ್ ಎಂ. ರಾವ್ ಅವರ 'ಸಪ್ತ ಸಾಗರದಾಚೆ ಎಲ್ಲೋ' ಎರಡನೇ ಭಾಗ (ನವೆಂಬರ್ 2023) ನೋಡಿದವರು ಮನು, ಪ್ರಿಯಾ ಬಗ್ಗೆ ಮಾತಾಡ್ತಾರೆ. ನನ್ನ ಕಣ್ಣು ಹೋದದ್ದು ಪ್ರಿಯಾಳ ಗಂಡನ ಮೇಲೆ. ವ್ಯಾಪಾರದಲ್ಲಿ ಸೋತು ಕುಡಿತಕ್ಕೆ ಬಿದ್ದ ಮನುಷ್ಯ. ಜೈಲಿನಿಂದ ಬಂದ ಮನು ತಾನು ಯಾರು ಅಂತ ಹೇಳದೆ ಅವನ ಸ್ನೇಹ ಮಾಡಿ, ಕುಡಿತ ಬಿಡಿಸಿ, ಮತ್ತೆ ನಿಲ್ಲೋ ಹಾಗೆ ಮಾಡ್ತಾನೆ.

ಇದರಲ್ಲಿ ಎರಡು ಒಳ್ಳೆಯ ಸಂಗತಿ ಇವೆ. ಗಂಡನನ್ನು ಸರಿಮಾಡೋ ಹೊರೆ ಹೆಂಡತಿಯ ತಲೆ ಮೇಲೆ ಬಿದ್ದಿಲ್ಲ. ಮತ್ತೆ ಬಿಡೋಕೆ ಉಪದೇಶ ಸಾಲಲ್ಲ, ಕೆಲಸ ಬೇಕು, ದುಡ್ಡು ಬೇಕು, ಪಕ್ಕದಲ್ಲಿ ಒಬ್ಬ ಗೆಳೆಯ ಬೇಕು ಅಂತ ಚಿತ್ರಕ್ಕೆ ಗೊತ್ತು. ಆದರೂ ಕೊನೆಗೆ ಏನಾಯ್ತು? ಗಂಡ ಚೇತರಿಸಿಕೊಂಡದ್ದು ಮನುವಿನ ತ್ಯಾಗಕ್ಕೆ ಒಂದು ಸಾಕ್ಷಿಯಾಯ್ತು ಅಷ್ಟೆ. ಕುಡಿತ ಬಿಟ್ಟವನಿಗೆ ತಾನು ಹೇಗೆ ಬಿಟ್ಟೆ ಅನ್ನೋದೇ ಪೂರ್ತಿ ಗೊತ್ತಿಲ್ಲ! ಉದ್ಧಾರ ಆದದ್ದು ಮನುವಿಗೆ. 1992ರ ಅಚ್ಚು ಎಷ್ಟು ನಾಜೂಕಾಗಿ ವಾಪಸ್ ಬಂದಿದೆ ನೋಡಿ.

ಈ ಅಚ್ಚನ್ನು ಸ್ವಲ್ಪ ಒಡೆದದ್ದು ಕಾಸರಗೋಡಿನ ಕಿರಣ್‌ರಾಜ್ ಅವರ '777 ಚಾರ್ಲಿ' (2022) ಅಂತ ನನಗನ್ನಿಸುತ್ತೆ. ಮನೆಯವರನ್ನೆಲ್ಲ ಅಪಘಾತದಲ್ಲಿ ಕಳೆದುಕೊಂಡ ಧರ್ಮ ಒಬ್ಬನೇ, ಸಿಗರೇಟು, ಬಿಯರ್, ಯಾರೊಂದಿಗೂ ಮಾತಿಲ್ಲ. ಅವನ ಬದುಕಿಗೆ ಒಂದು ನಾಯಿ ನುಗ್ಗುತ್ತೆ. ನಾಯಿ ಉಪದೇಶ ಮಾಡಲ್ಲ, ಕೆನ್ನೆಗೆ ಬಾರಿಸಲ್ಲ. ಅದಕ್ಕೆ ಹಸಿವಾಗುತ್ತೆ, ಹೊರಗೆ ಹೋಗಬೇಕು ಅನ್ನಿಸುತ್ತೆ, ಕಾಯಿಲೆ ಬರುತ್ತೆ. ದಿನವೂ ಎದ್ದು ಏನೋ ಒಂದು ಮಾಡಲೇಬೇಕು. ಧರ್ಮ ಬದಲಾಗೋದು ಹೀಗೆ, ಇಂಚಿಂಚಾಗಿ. ಚಿತ್ರದ ಕೊನೆಯ ಭಾಗ ಕಣ್ಣೀರನ್ನು ಸ್ವಲ್ಪ ಜಾಸ್ತಿಯೇ ಹಿಂಡುತ್ತೆ, ಒಪ್ಕೋತೀನಿ. ಆದರೆ 'ಬಿಡ್ತಾ ಇರೋದು' ಹೇಗಿರುತ್ತೆ ಅಂತ ಅದು ಹೆಸರು ಹೇಳದೆ ತೋರಿಸಿತು. ಇಲ್ಲಿ ಚೇತರಿಕೆ ಚೇತರಿಸಿಕೊಳ್ಳೋನದ್ದೇ.

ಒಂಬತ್ತನೇ ದಿನ

ಕರ್ನಾಟಕದಲ್ಲಿ ಇದಕ್ಕೆ ಕಥೆಗಳ ಬರ ಇಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆ ಊರೂರಿನಲ್ಲಿ ಸಾವಿರಕ್ಕೂ ಹೆಚ್ಚು ಮದ್ಯವರ್ಜನ ಶಿಬಿರ ನಡೆಸಿದೆ. ಎಂಟು ದಿನದ ಶಿಬಿರ. ಪತ್ರಿಕೆಯಲ್ಲಿ ಬರೋದು ಎಂಟನೇ ದಿನದ ಫೋಟೋ. ಆದರೆ ಆ ಶಿಬಿರಗಳನ್ನು ನಡೆಸೋರಿಗೆ ಒಂಬತ್ತನೇ ದಿನದ ಕಷ್ಟ ಗೊತ್ತು. ಅದಕ್ಕೇ ಬಿಟ್ಟವರನ್ನು ಸೇರಿಸಿ ನವಜೀವನ ಸಮಿತಿ ಅಂತ ಮಾಡಿದ್ದಾರೆ, ಮತ್ತೆ ಮತ್ತೆ ಕೂತು ಮಾತಾಡೋಕೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಒಂದು ಕೇಂದ್ರ ಇದೆ. ಈ ಜಾಗಗಳ ಬೆಂಚುಗಳ ಮೇಲೆ ಕೂತಿರೋ ಒಬ್ಬೊಬ್ಬರಲ್ಲೂ ಒಂದು ಚಿತ್ರಕಥೆ ಇದೆ. ನನಗೆ ಬೇಕಿರೋ ಸಿನಿಮಾ ಒಂಬತ್ತನೇ ದಿನ ಬೆಳಗ್ಗೆ ಶುರುವಾಗಬೇಕು. ಬಸ್ಸಿಳಿದು ಮನೆಗೆ ನಡೀತಾನೆ, ದಾರಿಯಲ್ಲಿ ಹಳೆಯ ಅಂಗಡಿ, ಹಳೆಯ ಗೆಳೆಯರು, ಮನೆಯಲ್ಲಿ ನಂಬದ ಹೆಂಡತಿ. ಆಮೇಲೆ ಏನು?

ಅಂಥ ಸಿನಿಮಾ ಬರೋತನಕ ನಾವು ಮಾಡಬಹುದಾದ್ದು ಒಂದಿದೆ. ನಮ್ಮ ಮಾತು ತಿದ್ದಿಕೊಳ್ಳೋದು. ಸಂಘದ ರಾಜ್ಯೋತ್ಸವದಲ್ಲೋ, ಯಾರದೋ ಮನೆಯ ಬಾರ್ಬೆಕ್ಯೂನಲ್ಲೋ ಒಬ್ಬರು ಗ್ಲಾಸ್ ಬೇಡ ಅಂದರೆ 'ಯಾಕೆ, ಡಾಕ್ಟರ್ ಹೇಳಿದ್ರಾ? ಹೆಂಡತಿ ಹೇಳಿದ್ರಾ?' ಅಂತ ಕೇಳದೆ ಒಂದು ಲೋಟ ಮಜ್ಜಿಗೆ ಕೊಡೋದು. ಯಾರಾದರೂ 'ಬಿಡ್ತಾ ಇದ್ದೀನಿ' ಅಂದರೆ ನಗದೆ ಇರೋದು. ಎರಡನೇ ಸಲ ಹೇಳಿದಾಗಲೂ, ಐದನೇ ಸಲ ಹೇಳಿದಾಗಲೂ.

ಇದನ್ನು ಓದ್ತಿರೋ ನಿಮಗೇ ಅಥವಾ ನಿಮ್ಮ ಮನೆಯವರಿಗೆ ಬೇಕಿದ್ದರೆ, ಆಸ್ಟ್ರೇಲಿಯಾದಲ್ಲಿ 1800 250 015 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಬೇಡ, ವಿಷಯ ಹೊರಗೆ ಹೋಗಲ್ಲ. ಭಾರತದಲ್ಲಿರೋರಿಗೆ 14446. ಫೋನ್ ಮಾಡೋರು ಕುಡಿಯೋರೇ ಆಗಿರಬೇಕು ಅಂತೇನಿಲ್ಲ. ಪಕ್ಕದ ಕುರ್ಚಿಯಲ್ಲಿ ಕೂತು ಸುಸ್ತಾದವರೂ ಮಾಡಬಹುದು.